ಬೃಹತ್ ದತ್ತಾಂಶ ಸಂಸ್ಕರಣೆಗೆ ಸಂಗ್ರಹಣಾ ವ್ಯವಸ್ಥೆಯ ಆಯ್ಕೆ

ಗಣಕಯಂತ್ರವು ಕೇವಲ ಲೆಕ್ಕಪತ್ರ ಬರೆಯುವ ಸಾಧನವಾಗಿದ್ದ ಕಾಲದಲ್ಲಿ, ಬರೆದದ್ದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಸಣ್ಣ ಉದ್ಯಮಿಯನ್ನು ಹೆಚ್ಚಾಗಿ ಕಾಡುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ತುಂಬುವ ಮೊದಲೇ ಯಂತ್ರ ಹಳತಾಗಿ ಮೂಲೆ ಸೇರುತ್ತಿತ್ತು. ಇಂದಿನ ಪರಿಸ್ಥಿತಿ ಹಾಗಿಲ್ಲ. ಸಾಧಾರಣ ಪ್ರಮಾಣದ ಬಿಡಿಭಾಗ ತಯಾರಿಕಾ ಘಟಕದಲ್ಲಿಯೂ ಸಿಎನ್‌ಸಿ ಯಂತ್ರಗಳಿಗೆ ಅಳವಡಿಸಿದ ಸೆನ್ಸರ್‌ಗಳು, ಕಾವಲಿನ ಕ್ಯಾಮೆರಾಗಳು, ಬಾರ್‌ಕೋಡ್ ಸ್ಕ್ಯಾನರ್‌ಗಳು, ಇ-ಇನ್‌ವಾಯ್ಸ್‌ಗಳು ಹಗಲಿರುಳು ದತ್ತಾಂಶವನ್ನು ಹೊರಹಾಕುತ್ತಿರುತ್ತವೆ. ಸಗಟು ವರ್ತಕರ ಮಳಿಗೆಯಲ್ಲಿ ಐದಾರು ವರ್ಷಗಳ ಮಾರಾಟದ ವಿವರವನ್ನು ಒಟ್ಟಿಗೆ ಜಾಲಾಡಿ, ಯಾವ ಸರಕು ಯಾವ ಊರಿಗೆ ಯಾವ ತಿಂಗಳಲ್ಲಿ ಹೆಚ್ಚು ಹೋಗುತ್ತದೆಂದು ನೋಡುವ ಅಗತ್ಯ ಬಂದಿದೆ.

ಇದನ್ನೆಲ್ಲ ಇಡಲು ವ್ಯವಸ್ಥೆಯೊಂದು ಬೇಕೆಂದು ಕೊಟೇಷನ್ ಕೇಳಿದರೆ ಒಬ್ಬ ಮಾರಾಟಗಾರರು ಕಚೇರಿಯಲ್ಲಿ ಇಡುವ ಡಿಸ್ಕ್ ಪೆಟ್ಟಿಗೆಯನ್ನು ಸೂಚಿಸುತ್ತಾರೆ; ಮತ್ತೊಬ್ಬರು ಕ್ಲೌಡ್ ಎನ್ನುತ್ತಾರೆ; ಇನ್ನೊಬ್ಬರು ಹಲವು ಸರ್ವರ್‌ಗಳನ್ನು ಜೋಡಿಸಿದ ಹಡೂಪ್ ಸಮೂಹವನ್ನೇ ಹೂಡಬೇಕೆನ್ನುತ್ತಾರೆ. ಮೂವರ ದರಪಟ್ಟಿಯಲ್ಲಿಯೂ ಎದ್ದು ಕಾಣುವುದು ಒಂದೇ ಸಾಲು: ಒಂದು ಟಿಬಿಗೆ ಇಷ್ಟು ರೂಪಾಯಿ. ಒಂದು ಟಿಬಿ ಎಂದರೆ ಸಾವಿರ ಜಿಬಿ. ಗೋದಾಮನ್ನು ಚದರಡಿಯ ಬಾಡಿಗೆಯೊಂದರಿಂದಲೇ ಆರಿಸುವ ವರ್ತಕರು ಯಾರೂ ಇಲ್ಲ. ಲಾರಿ ಬಾಗಿಲವರೆಗೆ ಬರುತ್ತದೆಯೇ, ಮಳೆನೀರು ನುಗ್ಗುತ್ತದೆಯೇ, ಹಿಂದಿನ ಸಾಲಿನ ಮೂಟೆಯನ್ನು ತೆಗೆಯಲು ಮುಂದಿನವನ್ನೆಲ್ಲ ಇಳಿಸಬೇಕೇ ಎಂದು ಮೊದಲು ನೋಡುತ್ತಾರೆ. ದತ್ತಾಂಶದ ಗೋದಾಮಿನಲ್ಲಿಯೂ ಕೇಳಬೇಕಾದುದು ಇವೇ: ದತ್ತಾಂಶವನ್ನು ಯಾವ ಬಗೆಯಲ್ಲಿ ಬರೆಯಲಾಗುತ್ತದೆ ಮತ್ತು ಓದಲಾಗುತ್ತದೆ, ಅದು ನಾಶವಾದರೆ ಎಷ್ಟು ಹೊತ್ತಿನೊಳಗೆ ಮರಳಿ ಕೈಗೆ ಬರಬೇಕು. ಈ ಎರಡಕ್ಕೆ ಉತ್ತರ ದೊರೆತ ಬಳಿಕವೇ ದರದ ಮಾತು.

ಕಿರ್ದಿಯ ಓದು, ಖಾತೆಯ ಓದು

ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ದಿನದ ವ್ಯವಹಾರವನ್ನು ನಡೆದಂತೆಯೇ ಒಂದರ ಕೆಳಗೊಂದು ಬರೆಯುವ ಪುಸ್ತಕ ಕಿರ್ದಿ. ಅದರಿಂದ ಆಯ್ದು, ಗಿರಾಕಿಗೊಂದು ಪುಟದಂತೆ ಏರಿಸುವ ಪುಸ್ತಕ ಖಾತೆ. ಕಿರ್ದಿಯನ್ನು ಬರೆಯುವುದು ಸುಲಭ, ಮೊದಲಿನಿಂದ ಕೊನೆಯವರೆಗೆ ಓದುವುದೂ ಸುಲಭ. ಆದರೆ ಒಬ್ಬ ಗಿರಾಕಿಯ ಬಾಕಿ ಎಷ್ಟೆಂದು ಅದರಲ್ಲಿ ಹುಡುಕುವುದು ಪ್ರಯಾಸ. ಖಾತೆಯಲ್ಲಿ ಬಾಕಿ ಕೂಡಲೇ ಸಿಗುತ್ತದೆ. ಆದರೆ ಪ್ರತಿ ನಮೂದಿಗೂ ಬೇರೆ ಬೇರೆ ಪುಟ ತಿರುವಬೇಕು.

ಇಂದಿನ ಸಂಗ್ರಹಣಾ ಸಾಧನಗಳೂ ಈ ಭೇದವನ್ನು ದಾಟಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗಳೂ ಅವುಗಳ ಮೇಲೆ ಚಲಿಸುವ ಓದುಮುಳ್ಳೂ ಇರುತ್ತವೆ. ಮುಳ್ಳು ಬೇಕಾದ ಜಾಗಕ್ಕೆ ಸರಿಯಲು ಸುಮಾರು 8 ಮಿಲಿಸೆಕೆಂಡ್, ತಟ್ಟೆ ತಿರುಗಿ ಬೇಕಾದ ಭಾಗ ಮುಳ್ಳಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್ ಹಿಡಿಯುತ್ತದೆ. ಹೀಗಾಗಿ ಚದುರಿದ ಜಾಗಗಳಿಂದ ಅದು ಸೆಕೆಂಡಿಗೆ 80 ಬಾರಿಯಷ್ಟೇ ಓದಬಲ್ಲದು. ಮುಳ್ಳು ಒಂದೆಡೆ ನೆಲೆಯಾಗಿ ಸಾಲಾಗಿ ಓದುತ್ತ ಹೋದರೆ ಅದೇ ಡಿಸ್ಕ್ ಸೆಕೆಂಡಿಗೆ 200 ಎಂಬಿಯಷ್ಟು ದತ್ತಾಂಶವನ್ನು ಕೊಡುತ್ತದೆ.

ಇದರ ಪರಿಣಾಮವನ್ನು ಲೆಕ್ಕದಿಂದಲೇ ತಿಳಿಯಬಹುದು. ತಲಾ 4 ಕೆಬಿಯ 10 ಲಕ್ಷ ದಾಖಲೆಗಳಿವೆ ಎಂದಿಟ್ಟುಕೊಂಡರೆ ಒಟ್ಟು ಗಾತ್ರ 4 ಜಿಬಿ. ಸಾಲಾಗಿ ಓದಿದರೆ ಕೆಲಸ 20 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅವೇ ದಾಖಲೆಗಳು ಡಿಸ್ಕ್‌ನ ತುಂಬ ಚದುರಿದ್ದು, ಒಂದೊಂದಾಗಿ ಹುಡುಕಿ ಓದಬೇಕಾದರೆ 12,500 ಸೆಕೆಂಡು, ಅಂದರೆ ಸುಮಾರು ಮೂರೂವರೆ ಗಂಟೆ ಬೇಕು. ಡಿಸ್ಕ್ ಅದೇ, ದತ್ತಾಂಶ ಅದೇ, ಕೊಟ್ಟ ಹಣವೂ ಅದೇ. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಹುಡುಕುವ ವಿಳಂಬ ಬಹಳ ಕಡಿಮೆ. ಸೆಕೆಂಡಿಗೆ 50,000 ಬಾರಿ ಓದುವ ಎಸ್‌ಎಸ್‌ಡಿಯಲ್ಲಿ ಚದುರಿದ ಓದು ಸಹ 20 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೊಸ ಸರ್ವರ್ ಕೊಂಡರೂ ವರದಿ ಬರಲು ಗಂಟೆಗಟ್ಟಲೆ ಹಿಡಿಯುತ್ತದೆಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಪ್ರೊಸೆಸರ್‌ನ ದೌರ್ಬಲ್ಯವಲ್ಲ, ಖಾತೆಯ ಕೆಲಸಕ್ಕೆ ಕಿರ್ದಿಯ ಸಾಧನ ಕೊಟ್ಟಿರುವುದು.

ಇನ್ನೊಂದು ಭೇದ ದತ್ತಾಂಶವನ್ನು ಜೋಡಿಸುವ ರೀತಿಯದು. ಬಿಲ್ಲಿನಲ್ಲಿ ದಿನಾಂಕ, ಗಿರಾಕಿ, ಸರಕು, ದರ, ತೆರಿಗೆ, ಮೊತ್ತ ಎಂದು ಹಲವು ಅಂಕಣಗಳಿರುತ್ತವೆ. ಬಿಲ್ಲು ಬರೆಯುವಾಗ ಇಡೀ ಸಾಲು ಒಟ್ಟಿಗೆ ಬೇಕು. ಐದು ವರ್ಷದ ಮಾರಾಟದ ಮೊತ್ತ ಕೂಡಿಸುವಾಗ ಬೇಕಾದುದು ಒಂದೆರಡು ಅಂಕಣಗಳು ಮಾತ್ರ. ಸಾಲುಸಾಲಾಗಿ ಇಟ್ಟಿದ್ದರೆ ಬೇಡದ ಅಂಕಣಗಳನ್ನೂ ಓದಿ ಬಿಸಾಡಬೇಕಾಗುತ್ತದೆ. ಅಂಕಣವಾರು ಜೋಡಿಸುವ ಕಡತ ವಿನ್ಯಾಸಗಳು ಬಂದಿರುವುದು ಇದಕ್ಕಾಗಿಯೇ. 2013ರಲ್ಲಿ ಬಳಕೆಗೆ ಬಂದ ಪಾರ್ಕೆ ಎಂಬ ಮುಕ್ತ ವಿನ್ಯಾಸ ಈಗ ಸಾರ್ವತ್ರಿಕವಾಗಿದೆ. ಒಂದೇ ಬಗೆಯ ಅಂಕಿಗಳು ಒಟ್ಟಿಗಿರುವುದರಿಂದ ಅವು ಚೆನ್ನಾಗಿ ಸಂಕುಚಿತವೂ ಆಗುತ್ತವೆ. ಲೆಕ್ಕದ ತಂತ್ರಾಂಶದಲ್ಲಿರುವ ಹಳೆಯ ವರ್ಷಗಳ ವಿವರವನ್ನು ಈ ವಿನ್ಯಾಸಕ್ಕೆ ಪರಿವರ್ತಿಸಿ ಬೇರೆಡೆ ಇಟ್ಟುಕೊಂಡರೆ, ಹೊಸ ಯಂತ್ರ ಕೊಳ್ಳದೆಯೇ ವರದಿಗಳು ವೇಗವಾಗಿ ಬರುವ ಸಂಭವವಿದೆ.

ಒಂದು ಘಟಕದ ಲೆಕ್ಕ

ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ದಿನಕ್ಕೆ 500 ಬಿಲ್ಲುಗಳು, ತಲಾ 50 ಕೆಬಿ. ದಿನಕ್ಕೆ 25 ಎಂಬಿ, 300 ಕೆಲಸದ ದಿನಗಳಿಗೆ ಏಳೂವರೆ ಜಿಬಿ. ಹತ್ತು ವರ್ಷದ ಬಿಲ್ಲುಗಳು ಜೇಬಿನಲ್ಲಿ ಹಾಕಿಕೊಳ್ಳುವ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತವೆ.

ಅದೇ ಘಟಕದಲ್ಲಿ 16 ಕ್ಯಾಮೆರಾಗಳಿದ್ದು, ಪ್ರತಿಯೊಂದೂ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಚಿತ್ರ ಕಳುಹಿಸುತ್ತದೆ ಎನ್ನೋಣ. ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಜಿಬಿ. ಹದಿನಾರಕ್ಕೆ 691 ಜಿಬಿ. ಮೂವತ್ತು ದಿನಕ್ಕೆ 20 ಟಿಬಿಗಿಂತ ಹೆಚ್ಚು. ಯಂತ್ರಗಳ ಬೇರಿಂಗ್ ಸವೆತವನ್ನು ಮುಂಚಿತವಾಗಿ ತಿಳಿಯಲು 40 ಕಡೆ ಕಂಪನದ ಸೆನ್ಸರ್‌ಗಳನ್ನು ಅಳವಡಿಸಿದ್ದು, ಪ್ರತಿಯೊಂದೂ ಸೆಕೆಂಡಿಗೆ 25,600 ಬಾರಿ ಅಳತೆ ತೆಗೆದುಕೊಂಡರೆ, ಅಳತೆಯೊಂದಕ್ಕೆ 2 ಬೈಟ್‌ನಂತೆ ದಿನಕ್ಕೆ 177 ಜಿಬಿ, ತಿಂಗಳಿಗೆ 5.3 ಟಿಬಿ.

ಗಾತ್ರದಲ್ಲಿ ಕ್ಯಾಮೆರಾ ಮೊದಲನೆಯದು, ಕಂಪನ ಎರಡನೆಯದು, ಬಿಲ್ಲು ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು. ಬೆಲೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೊನ್ನೆಯ ಕ್ಯಾಮೆರಾ ಚಿತ್ರ ಅಳಿಸಿಹೋದರೆ ಘಟಕ ನಾಳೆಯೂ ನಡೆಯುತ್ತದೆ. ಬಿಲ್ಲು, ಬಾಕಿ, ತೆರಿಗೆಯ ಲೆಕ್ಕ ಅಳಿಸಿಹೋದರೆ ಗಿರಾಕಿಗಳಿಂದ ವಸೂಲಿ ನಿಲ್ಲುತ್ತದೆ, ಹೂಡುವಳಿ ತೆರಿಗೆಯ ಜಮೆಗೆ ಆಧಾರವಿಲ್ಲದಂತಾಗುತ್ತದೆ, ಬ್ಯಾಂಕಿಗೆ ತೋರಿಸಲು ದಾಸ್ತಾನಿನ ವಿವರವಿರುವುದಿಲ್ಲ. ಮೂರನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿಸುವುದೆಂದರೆ ಗಲ್ಲಾಪೆಟ್ಟಿಗೆಯ ಹಣವನ್ನೂ ಹೊಟ್ಟಿನ ಮೂಟೆಯನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ. ಕೋಣೆಗೆ ಬ್ಯಾಂಕಿನ ಬೀಗ ಹಾಕಿದರೆ ಹೊಟ್ಟಿಗೆ ದಂಡ; ಹಾಕದಿದ್ದರೆ ಹಣಕ್ಕೆ ಅಪಾಯ.

ಆದುದರಿಂದ ಖರೀದಿಗೆ ಮುನ್ನ ಮಾಡಬೇಕಾದ ಮೊದಲ ಕೆಲಸ ಈ ವಿಂಗಡಣೆ. ಬಿಲ್ಲು ಮತ್ತು ಲೆಕ್ಕದ ದತ್ತಸಂಚಯಕ್ಕೆ ಖಾತೆಯ ಗುಣವಿರುವುದರಿಂದ ಅದು ಎರಡು ಜೋಡಿ ಎಸ್‌ಎಸ್‌ಡಿಗಳ ಮೇಲೆ ಇರುವುದು ಲೇಸು. ಗಾತ್ರ ಸಣ್ಣದಾದ್ದರಿಂದ ಇದಕ್ಕೆ ತಗಲುವ ವೆಚ್ಚವೂ ಸಣ್ಣದೇ. ಕ್ಯಾಮೆರಾ ಚಿತ್ರ ಶುದ್ಧ ಕಿರ್ದಿ: ಸಾಲಾಗಿ ಬರೆಯುತ್ತ ಹೋಗುವುದು, ಮೂವತ್ತು ದಿನವಾದ ಮೇಲೆ ಹಳೆಯದರ ಮೇಲೆಯೇ ಬರೆಯುವುದು. ಅದಕ್ಕೆ ಸಾಧಾರಣ ಹಾರ್ಡ್ ಡಿಸ್ಕ್ ಸಾಕು. ಇಲ್ಲಿ ಎಸ್‌ಎಸ್‌ಡಿ ಹಾಕುವುದು ವ್ಯರ್ಥ ಮಾತ್ರವಲ್ಲ, ಹಾನಿಕರವೂ ಹೌದು. ಎಸ್‌ಎಸ್‌ಡಿಗೆ ಬರೆಯುವ ಆಯುಷ್ಯವೊಂದಿರುತ್ತದೆ. 600 ಟಿಬಿ ಬರಹಕ್ಕೆ ಖಾತರಿ ಕೊಟ್ಟ ಎಸ್‌ಎಸ್‌ಡಿ ದಿನಕ್ಕೆ 691 ಜಿಬಿಯಂತೆ ಬರೆದರೆ ಎರಡೂವರೆ ವರ್ಷದೊಳಗೆ ಆ ಮಿತಿಯನ್ನು ಮುಟ್ಟುತ್ತದೆ.

ಕಂಪನದ ದತ್ತಾಂಶದಲ್ಲಿ ವಿಚಾರ ಸ್ವಲ್ಪ ಸೂಕ್ಷ್ಮ. ಎಲ್ಲ ಅಳತೆಗಳನ್ನೂ ಶಾಶ್ವತವಾಗಿ ಇಡುವ ಆಸೆ ಸಹಜ. ಮುಂದೆ ಎಂದಾದರೂ ಬೇಕಾಗಬಹುದೆಂಬ ಮಾತು ಯಾವಾಗಲೂ ನಿಜವೇ. ಆದರೆ ಪ್ರತಿ ಸೆನ್ಸರ್‌ನಿಂದ ನಿಮಿಷಕ್ಕೊಮ್ಮೆ ಇಪ್ಪತ್ತು ಸಾರಾಂಶ ಅಂಕಿಗಳನ್ನು (ಗರಿಷ್ಠ, ಸರಾಸರಿ, ಮುಖ್ಯ ಆವರ್ತನಗಳ ಪ್ರಬಲತೆ ಇತ್ಯಾದಿ) ತೆಗೆದಿಟ್ಟುಕೊಂಡರೆ, ಅಂಕಿಯೊಂದಕ್ಕೆ 8 ಬೈಟ್‌ನಂತೆ, 40 ಸೆನ್ಸರ್‌ಗಳಿಗೆ ದಿನಕ್ಕೆ ಕೇವಲ 9 ಎಂಬಿ ಆಗುತ್ತದೆ. ದಿನಕ್ಕೆ 177 ಜಿಬಿ ಎಲ್ಲಿ, 9 ಎಂಬಿ ಎಲ್ಲಿ! ಮೂಲ ಅಳತೆಗಳನ್ನು ಮೂವತ್ತು ದಿನ ಮಾತ್ರ ಇಟ್ಟು, ಯಂತ್ರ ಕೆಟ್ಟ ದಿನಗಳ ಮೂಲವನ್ನು ಪ್ರತ್ಯೇಕವಾಗಿ ಕಾದಿರಿಸಿ, ಸಾರಾಂಶವನ್ನು ವರ್ಷಗಟ್ಟಲೆ ಇಡುವುದು ಬಹುತೇಕ ಘಟಕಗಳಿಗೆ ಸಾಕಾಗುವ ನೀತಿ. ಏನನ್ನು ಇಡಬಾರದೆಂದು ನಿರ್ಧರಿಸಿದಾಗ ಉಳಿಯುವಷ್ಟು ಹಣ ಯಾವ ಮಾರಾಟಗಾರರ ರಿಯಾಯಿತಿಯಿಂದಲೂ ಉಳಿಯದು.

ಸಣ್ಣ ಕಡತಗಳ ವಿಷಯದಲ್ಲಿಯೂ ಎಚ್ಚರ ಬೇಕು. ಪ್ರತಿ ಬಿಡಿಭಾಗದ ಪರೀಕ್ಷಾ ವರದಿಯನ್ನು ಬೇರೆ ಬೇರೆ ಕಡತವಾಗಿ ಉಳಿಸುವ ಪದ್ಧತಿ ಹಲವೆಡೆ ಇದೆ. ವರ್ಷದಲ್ಲಿ ಇವು ಲಕ್ಷಗಳಾಗುತ್ತವೆ. ಅವುಗಳ ನಕಲು ತೆಗೆಯುವುದೇ ಒಂದು ರಾತ್ರಿಯ ಕೆಲಸವಾಗುತ್ತದೆ. ಕ್ಲೌಡ್‌ನಲ್ಲಾದರೆ ಪ್ರತಿ ಕಡತದ ಕೋರಿಕೆಗೂ ಶುಲ್ಕ ಬೀಳುತ್ತದೆ. ದಿನದ ವರದಿಗಳನ್ನು ಒಂದೇ ಕಡತಕ್ಕೆ ಸೇರಿಸುವ ಚಿಕ್ಕ ಏರ್ಪಾಡಿನಿಂದ ಈ ತೊಂದರೆ ತಪ್ಪುತ್ತದೆ.

ಸಾವಿರ ಯಂತ್ರಗಳ ಮಾದರಿ ಯಾರಿಗೆ?

ಬೃಹತ್ ದತ್ತಾಂಶವೆಂದೊಡನೆ ಹಡೂಪ್‌ನ ಹೆಸರು ಕೇಳಿಬರುವುದಕ್ಕೆ ಚಾರಿತ್ರಿಕ ಕಾರಣವಿದೆ. ಗೂಗಲ್ ಸಂಸ್ಥೆಯ ಘೆಮಾವತ್, ಗೋಬಿಯಾಫ್ ಮತ್ತು ಲ್ಯೂಂಗ್ ಎಂಬ ಮೂವರು ತಂತ್ರಜ್ಞರು 2003ರಲ್ಲಿ ತಮ್ಮ ಸಂಸ್ಥೆಯ ಕಡತ ವ್ಯವಸ್ಥೆಯನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ದುಬಾರಿ ಯಂತ್ರಗಳ ಬದಲು ಅಗ್ಗದ ಸಾಮಾನ್ಯ ಯಂತ್ರಗಳನ್ನೇ ಬಳಸುವುದು. ಅವು ಕೆಡುವುದು ನಿಶ್ಚಿತವೆಂದು ಮೊದಲೇ ಒಪ್ಪಿಕೊಳ್ಳುವುದು. ಕಡತವನ್ನು 64 ಎಂಬಿಯ ತುಂಡುಗಳಾಗಿ ಮಾಡಿ ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುವುದು: ಇದು ಅವರ ಯೋಜನೆಯ ತಿರುಳು. ತುಂಡು ಅಷ್ಟು ದೊಡ್ಡದಾಗಿರುವುದು ಕಿರ್ದಿಯಂತೆ ಸಾಲಾಗಿ ಓದಲೆಂದೇ. ಅದೇ ಮಾದರಿಯಲ್ಲಿ 2006ರಲ್ಲಿ ಹಡೂಪ್ ರೂಪುಗೊಂಡಿತು. ಅದರ ಹೆಸರು ನಿರ್ಮಾಪಕ ಡಗ್ ಕಟಿಂಗ್ ಅವರ ಮಗನ ಆಟಿಕೆ ಆನೆಯದು.

ಆದರೆ 2003ರ ಆ ಪ್ರಬಂಧದಲ್ಲಿ ವಿವರಿಸಿದ ಅತಿ ದೊಡ್ಡ ಸಮೂಹದಲ್ಲಿ ಸಾವಿರಕ್ಕೂ ಹೆಚ್ಚು ಯಂತ್ರಗಳಿದ್ದು, ಅವೆಲ್ಲ ಸೇರಿ ಒದಗಿಸುತ್ತಿದ್ದುದು ಕೆಲವು ನೂರು ಟಿಬಿ ಮಾತ್ರ. ಇಂದು 20 ಟಿಬಿಯ 60 ಡಿಸ್ಕ್‌ಗಳನ್ನು ಹಿಡಿಸುವ ಒಂದೇ ಪೆಟ್ಟಿಗೆಯಲ್ಲಿ 1,200 ಟಿಬಿ ಕೂರುತ್ತದೆ. ಅಂದು ಸಾವಿರ ಯಂತ್ರ ಬೇಕಾಗಿದ್ದ ಗಾತ್ರಕ್ಕೆ ಇಂದು ಒಂದು ಸಾಕು. ಮೇಲಿನ ಘಟಕದ ತಿಂಗಳ ಕಂಪನ ದತ್ತಾಂಶವನ್ನು, ಅಂದರೆ 5.3 ಟಿಬಿಯನ್ನು, ಒಂದೇ ಹಾರ್ಡ್ ಡಿಸ್ಕ್‌ನಿಂದ ಓದಲು ಏಳೂವರೆ ಗಂಟೆ ಬೇಕು. ಎಂಟು ಡಿಸ್ಕ್‌ಗಳಲ್ಲಿ ಹಂಚಿಟ್ಟು ಒಟ್ಟಿಗೆ ಓದಿದರೆ ಒಂದು ಗಂಟೆಯೊಳಗೆ. ಸೆಕೆಂಡಿಗೆ 3 ಜಿಬಿ ಓದುವ ಉತ್ತಮ ಎಸ್‌ಎಸ್‌ಡಿಗಳಿಂದ ಅರ್ಧ ಗಂಟೆಯಲ್ಲಿ ಓದಬಹುದು. ಇದಕ್ಕಾಗಿ ಸರ್ವರ್‌ಗಳ ಸಮೂಹ ಹೂಡಿ, ಅದನ್ನು ನೋಡಿಕೊಳ್ಳಲು ತಿಂಗಳ ಸಂಬಳದ ಮೇಲೆ ತಂತ್ರಜ್ಞರನ್ನು ನೇಮಿಸಿಕೊಳ್ಳುವ ಅವಶ್ಯಕತೆ ಸಣ್ಣ ಕೈಗಾರಿಕೆಗಿಲ್ಲ. ಮೂರು ಪ್ರತಿಗಳ ಕ್ರಮದಿಂದ 10 ಟಿಬಿಗೆ 30 ಟಿಬಿ ಡಿಸ್ಕ್ ಕೊಳ್ಳಬೇಕೆಂಬುದೂ ನೆನಪಿರಬೇಕು. ಈ ಭಾರವನ್ನು ಒಂದೂವರೆ ಪಟ್ಟಿಗೆ ಇಳಿಸುವ ಸಂಕೇತ ವಿಧಾನ 2017ರ ಡಿಸೆಂಬರ್‌ನಲ್ಲಿ ಬಂದ ಹಡೂಪ್‌ನ ಮೂರನೆಯ ಆವೃತ್ತಿಯಲ್ಲಿ ಸೇರಿತಾದರೂ ಅದಕ್ಕೆ ಹೆಚ್ಚು ಯಂತ್ರಗಳೇ ಬೇಕು.

ಡಿಸ್ಕ್ ಪೆಟ್ಟಿಗೆ ಮತ್ತು ಕ್ಲೌಡ್

ಕಚೇರಿಯಲ್ಲಿಯೇ ಇಡುವ ಡಿಸ್ಕ್ ಪೆಟ್ಟಿಗೆಗಳಲ್ಲಿ ರೈಡ್ ಎಂಬ ಏರ್ಪಾಡು ಇರುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಪ್ರಬಂಧವೊಂದರ ಮೂಲಕ ಇದನ್ನು ನಿರೂಪಿಸಿದರು. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ದತ್ತಾಂಶ ಮರಳಿ ಪಡೆಯುವ ವಿಧಾನ ಇದು. ಐದನೆಯ ಬಗೆಯ ರೈಡ್ ಒಂದು ಡಿಸ್ಕ್‌ನ ನಷ್ಟವನ್ನೂ ಆರನೆಯ ಬಗೆಯದು ಎರಡರ ನಷ್ಟವನ್ನೂ ತಾಳಿಕೊಳ್ಳುತ್ತದೆ. ದರಪಟ್ಟಿಯಲ್ಲಿ ಐದನೆಯದು ಅಗ್ಗವಾಗಿ ಕಾಣುವುದರಿಂದ ಅದನ್ನೇ ಆರಿಸುವವರು ಹೆಚ್ಚು. ದೊಡ್ಡ ಡಿಸ್ಕ್‌ಗಳಿಗೆ ಇದು ಸರಿಯಾದ ಆಯ್ಕೆಯಲ್ಲ. ಕೆಟ್ಟ ಡಿಸ್ಕ್‌ನ ಜಾಗದಲ್ಲಿ ಹೊಸದನ್ನು ಹಾಕಿ ತುಂಬಿಸುವಾಗ ಉಳಿದ ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಬೇಕು. 20 ಟಿಬಿ ಡಿಸ್ಕ್ ಆದರೆ ಪೂರ್ಣ ವೇಗದಲ್ಲಿಯೂ 28 ಗಂಟೆ. ಕಚೇರಿಯ ಕೆಲಸವೂ ನಡೆಯುತ್ತಿದ್ದರೆ ದಿನಗಳೇ ಹಿಡಿಯುತ್ತವೆ. ಒಂದೇ ದಿನ ಕೊಂಡ, ಒಂದೇ ತಂಡದಲ್ಲಿ ತಯಾರಾದ ಡಿಸ್ಕ್‌ಗಳಲ್ಲಿ ಆ ಅವಧಿಯಲ್ಲಿಯೇ ಎರಡನೆಯದೂ ಕೈಕೊಡುವುದು ಅಪರೂಪವೇನಲ್ಲ. ನಾಲ್ಕಕ್ಕಿಂತ ಹೆಚ್ಚು ದೊಡ್ಡ ಡಿಸ್ಕ್‌ಗಳಿರುವ ಪೆಟ್ಟಿಗೆಗೆ ಆರನೆಯ ಬಗೆಯನ್ನೇ ಕೇಳಬೇಕು. ತಲಾ 8 ಟಿಬಿಯ ಎಂಟು ಡಿಸ್ಕ್‌ಗಳಿದ್ದರೆ ಬಳಕೆಗೆ ಸಿಗುವುದು 48 ಟಿಬಿ.

ಅದರಲ್ಲಿಯೂ ಸೇರು ಪಾವಿನ ಗೊಂದಲವೊಂದಿದೆ. ಮಾರಾಟಗಾರರ ಟಿಬಿ ದಶಮಾನದ್ದು. ಅನೇಕ ಗಣಕಗಳ ಲೆಕ್ಕ 1,024ರ ಗುಣಕದ್ದು. ಆದುದರಿಂದ 8 ಟಿಬಿಯೆಂದು ಕೊಂಡದ್ದು ಪರದೆಯ ಮೇಲೆ 7.28 ಎಂದು ಕಾಣುತ್ತದೆ. ಇದು ಮೋಸವಲ್ಲ, ಅಳತೆಯ ಭೇದ. ಆದರೆ ಖರೀದಿಯ ಲೆಕ್ಕದಲ್ಲಿ ಸೇರಿರಬೇಕು. ಡಿಸ್ಕ್‌ನ ಬಗೆಯನ್ನೂ ದರಪಟ್ಟಿಯಲ್ಲಿ ಬರೆಸಿಕೊಳ್ಳುವುದು ಅಗತ್ಯ. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪಟ್ಟಿಯನ್ನು ಅತಿಕ್ರಮಿಸಿ ಬರೆಯುವ ಎಸ್‌ಎಂಆರ್ ಬಗೆಯ ಡಿಸ್ಕ್‌ಗಳು ಬರೆದದ್ದನ್ನು ಪದೇ ಪದೇ ಬದಲಿಸುವಾಗ ತೀರ ನಿಧಾನವಾಗುತ್ತವೆ, ರೈಡ್‌ನಲ್ಲಿ ಮರುತುಂಬಿಸುವಾಗ ಇನ್ನೂ ನಿಧಾನ. ತಯಾರಕರು ಈ ಬಗೆಯನ್ನು ಸ್ಪಷ್ಟವಾಗಿ ನಮೂದಿಸದೆ ಮಾರುತ್ತಿದ್ದುದು 2020ರಲ್ಲಿ ಬಯಲಾಗಿ ವಿವಾದವಾಯಿತು. ಸಿಎಂಆರ್ ಬಗೆಯೇ ಬೇಕೆಂದು ಲಿಖಿತವಾಗಿ ತಿಳಿಸಬೇಕು.

ಡಿಸ್ಕ್‌ಗಳ ಬಾಳಿಕೆಯ ಬಗೆಗೆ ತಯಾರಕರ ಪತ್ರದಲ್ಲಿ 10ರಿಂದ 15 ಲಕ್ಷ ಗಂಟೆಗಳೆಂದು ಇರುವುದುಂಟು. ಈ ಲೆಕ್ಕದಂತೆ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕ್ ಸಹ ಕೆಡಬಾರದು. ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಒಂದು ಲಕ್ಷ ಡಿಸ್ಕ್‌ಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರಕ್ಕೆ 2ರಿಂದ 4 ಡಿಸ್ಕ್‌ಗಳನ್ನು ಬದಲಿಸಬೇಕಾಗಿ ಬರುವುದು ಸಾಮಾನ್ಯವೆಂದೂ ಕೆಲವೆಡೆ ಅದು 13ರವರೆಗೆ ಏರಿತ್ತೆಂದೂ ತಿಳಿದುಬಂತು. ನೂರಕ್ಕೆ 2 ಎಂದೇ ಹಿಡಿದರೂ ಎಂಟು ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ವರ್ಷದೊಳಗೆ ಒಂದಾದರೂ ಕೆಡುವ ಸಾಧ್ಯತೆ ಶೇಕಡಾ 15ರಷ್ಟು. ಒಂದು ಹೆಚ್ಚುವರಿ ಡಿಸ್ಕ್ ಕಪಾಟಿನಲ್ಲಿರಬೇಕು, ಪೆಟ್ಟಿಗೆಗೆ ಯುಪಿಎಸ್ ಇರಬೇಕು. ವಿದ್ಯುತ್ ಹೋಗಿ ಬರುವ ಕೈಗಾರಿಕಾ ಪ್ರದೇಶಗಳಲ್ಲಿ ಯುಪಿಎಸ್ ಇಲ್ಲದ ರೈಡ್ ಪೆಟ್ಟಿಗೆಯನ್ನು ನಂಬುವುದು ಸಲ್ಲದು.

ಕ್ಲೌಡ್ ಎಂದರೆ ಬಾಡಿಗೆಯ ಗೋದಾಮು. ಅಮೆಜಾನ್ ಸಂಸ್ಥೆ 2006ರ ಮಾರ್ಚ್‌ನಲ್ಲಿ ಎಸ್3 ಹೆಸರಿನ ಸಂಗ್ರಹಣಾ ಸೇವೆಯನ್ನು ಆರಂಭಿಸಿತು. 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ಅದರ ಕೇಂದ್ರಗಳು ತೆರೆದವು. ಡಿಸ್ಕ್ ಕೆಡುವ, ಬದಲಿಸುವ ಚಿಂತೆ ಗ್ರಾಹಕನಿಗಿಲ್ಲ, ಬಳಸಿದಷ್ಟಕ್ಕೆ ಹಣ. ಬೃಹತ್ ದತ್ತಾಂಶದ ವಿಶ್ಲೇಷಣೆಯನ್ನು ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಮಾಡುವವರಿಗೆ, ಆ ಹೊತ್ತಿಗಷ್ಟೇ ಯಂತ್ರಗಳನ್ನು ಬಾಡಿಗೆಗೆ ಪಡೆದು ಬಿಡುವ ಅನುಕೂಲ ದೊಡ್ಡದು. ಆದರೆ ಈ ಬಗೆಯ ಸಂಗ್ರಹದಲ್ಲಿ ಕಡತದ ನಡುವಿನ ಒಂದು ಸಾಲನ್ನು ತಿದ್ದಲಾಗದು. ಇಡೀ ಕಡತವನ್ನೇ ಮತ್ತೆ ಬರೆಯಬೇಕು. ಕಿರ್ದಿಗೆ ಇದು ಒಪ್ಪುತ್ತದೆ, ಖಾತೆಗೆ ಒಪ್ಪುವುದಿಲ್ಲ. ಲೆಕ್ಕದ ತಂತ್ರಾಂಶದ ಚಾಲ್ತಿ ಕಡತವನ್ನು ನೇರವಾಗಿ ಇಂತಹ ಸಂಗ್ರಹದ ಮೇಲೆ ಇಟ್ಟು ಕೆಲಸ ಮಾಡಿಸುವ ಪ್ರಯತ್ನ ಫಲಿಸದು.

ಕ್ಲೌಡ್‌ನ ದರಪಟ್ಟಿಯಲ್ಲಿ ಎರಡು ಸಾಲುಗಳು ಕೊನೆಯಲ್ಲಿ ಇರುತ್ತವೆ, ಅವನ್ನು ಮೊದಲು ಓದಬೇಕು. ಒಂದು, ದತ್ತಾಂಶವನ್ನು ಹೊರತೆಗೆಯುವ ಶುಲ್ಕ. ಒಳಹಾಕುವುದು ಸಾಮಾನ್ಯವಾಗಿ ಉಚಿತ, ಹೊರತೆಗೆಯುವುದು ಉಚಿತವಲ್ಲ. ಎರಡು, ಅತಿ ಅಗ್ಗದ ದರ್ಜೆಯ ಷರತ್ತುಗಳು. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ಧಾನ್ಯದಂತೆ, ಅಲ್ಲಿಟ್ಟದ್ದು ಬೇಕೆಂದಾಗ ತಕ್ಷಣ ದೊರೆಯದು. ಅಮೆಜಾನ್‌ನ ಅತ್ಯಂತ ಅಗ್ಗದ ದರ್ಜೆಯಲ್ಲಿ ಕಡತ ಹೊರಬರಲು 12 ಗಂಟೆ, ಕೆಲವೊಮ್ಮೆ 48 ಗಂಟೆ ಕಾಯಬೇಕು. 180 ದಿನಕ್ಕಿಂತ ಮೊದಲೇ ಅಳಿಸಿದರೂ ಅಷ್ಟು ದಿನದ ಬಾಡಿಗೆ ತಪ್ಪದು. ಇವೆರಡಕ್ಕಿಂತ ದೊಡ್ಡ ತೊಡಕು ದಾರಿಯದು. 100 ಎಂಬಿಪಿಎಸ್ ಸಂಪರ್ಕದಲ್ಲಿ 20 ಟಿಬಿಯನ್ನು ತರಿಸಿಕೊಳ್ಳಲು, ಒಂದು ಕ್ಷಣವೂ ನಿಲ್ಲದೆ ಹರಿದರೂ, ಹದಿನೆಂಟೂವರೆ ದಿನ ಬೇಕು. ಅಷ್ಟು ದಿನ ಕಾಯಬಲ್ಲ ದತ್ತಾಂಶವನ್ನು ಮಾತ್ರ ಅಲ್ಲೊಂದರಲ್ಲಿಯೇ ಇಡಬಹುದು.

ಪ್ರತಿ ಬೇರೆ, ಬ್ಯಾಕಪ್ ಬೇರೆ

ಮೂರು ಪ್ರತಿಗಳ ಪದ್ಧತಿಯನ್ನು ಲೋಕಕ್ಕೆ ತೋರಿಸಿದ ಗೂಗಲ್ ಸಂಸ್ಥೆಯಲ್ಲಿಯೇ 2011ರ ಫೆಬ್ರವರಿ ಕೊನೆಯಲ್ಲಿ ಒಂದು ಘಟನೆ ನಡೆಯಿತು. ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿಯ ಅಂಚೆಪೆಟ್ಟಿಗೆಗಳು ಬರಿದಾಗಿ ಕಂಡವು. ಕಾರಣ ಡಿಸ್ಕ್ ಕೆಟ್ಟಿದ್ದಲ್ಲ; ಸಂಗ್ರಹಣೆಯ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ದೋಷವಿತ್ತು. ದತ್ತಾಂಶ ಹಲವು ಕೇಂದ್ರಗಳಲ್ಲಿ ಹಲವು ಪ್ರತಿಗಳಾಗಿ ಇತ್ತು. ದೋಷ ಆ ಹಲವು ಪ್ರತಿಗಳನ್ನೂ ಮುಟ್ಟಿತ್ತು. ಕೊನೆಗೆ ಅಂಚೆಗಳನ್ನು ಮರಳಿ ತಂದದ್ದು ಗಣಕಗಳಿಂದ ಬೇರೆಯಾಗಿ ಇಟ್ಟಿದ್ದ ಟೇಪ್‌ಗಳಿಂದ.

ಪ್ರತಿಯ ಕೆಲಸ ಯಂತ್ರ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಮೂಲದಲ್ಲಿ ತಪ್ಪಾದರೆ ಪ್ರತಿಯಲ್ಲಿಯೂ ಆ ತಪ್ಪು ಕೂಡಲೇ ಮೂಡುತ್ತದೆ. ರೈಡ್ ಪೆಟ್ಟಿಗೆಗೂ, ತಾನಾಗಿ ಸರಿಹೊಂದಿಸಿಕೊಳ್ಳುವ ಕ್ಲೌಡ್ ಫೋಲ್ಡರ್‌ಗೂ ಇದೇ ಮಾತು ಅನ್ವಯ. ಗುಮಾಸ್ತರ ಕೈತಪ್ಪಿನಿಂದ ಅಳಿಸಿದ್ದು ಎಲ್ಲೆಡೆ ಅಳಿಯುತ್ತದೆ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ಹೊಕ್ಕರೆ ಎಲ್ಲ ಪ್ರತಿಗಳಿಗೂ ಬೀಗ ಬೀಳುತ್ತದೆ. ಬ್ಯಾಕಪ್ ಎನ್ನಿಸಿಕೊಳ್ಳಲು ಅದು ಹಿಂದಿನ ಒಂದು ದಿನದ ಸ್ಥಿತಿಯನ್ನು ಹಿಡಿದಿಟ್ಟಿರಬೇಕು, ಮೂಲಕ್ಕೆ ಅಂಟಿಕೊಂಡಿರಬಾರದು, ಇಟ್ಟ ಮೇಲೆ ನಿಗದಿತ ಅವಧಿಯವರೆಗೆ ಯಾರೂ ಬದಲಿಸಲಾಗದಂತಿರಬೇಕು. ಕ್ಲೌಡ್ ಸೇವೆಗಳಲ್ಲಿ ಇಂತಹ ಬದಲಿಸಲಾಗದ ಬೀಗದ ಸೌಲಭ್ಯವಿದೆ, ಕೇಳಿ ಹಾಕಿಸಿಕೊಳ್ಳಬೇಕು.

ಜಾಗವೂ ಬೇರೆಯಿರಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಬೆಂಕಿಗೆ ಪೂರ್ತಿ ಆಹುತಿಯಾಯಿತು. ಮೂಲವನ್ನೂ ಬ್ಯಾಕಪ್ಪನ್ನೂ ಅಲ್ಲಿಯೇ ಇಟ್ಟಿದ್ದ ಗ್ರಾಹಕರಿಗೆ ಎರಡೂ ಇಲ್ಲವಾದವು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಹಳೆಯ ಸೂತ್ರ ಕ್ಲೌಡ್‌ನ ಕಾಲದಲ್ಲಿಯೂ ರದ್ದಾಗಿಲ್ಲ. ಮೇಲಿನ ಘಟಕದ ಬಿಲ್ಲುಗಳು ವರ್ಷಕ್ಕೆ ಏಳೂವರೆ ಜಿಬಿ ಮಾತ್ರವಾದ್ದರಿಂದ ಅವುಗಳಿಗೆ ಈ ಸೂತ್ರವನ್ನು ಪೂರ್ತಿ ಪಾಲಿಸುವ ಖರ್ಚು ಅತ್ಯಲ್ಪ. ಕ್ಯಾಮೆರಾ ಚಿತ್ರಗಳಿಗೆ ಪಾಲಿಸಬೇಕಾಗಿಯೇ ಇಲ್ಲ. ವಿಂಗಡಣೆ ಮಾಡದವರು ಮಾತ್ರ ಎಲ್ಲಕ್ಕೂ ಖರ್ಚು ಮಾಡಲಾರದೆ ಯಾವುದಕ್ಕೂ ಮಾಡದೆ ಉಳಿಯುತ್ತಾರೆ.

ಇಟ್ಟ ಬ್ಯಾಕಪ್ಪನ್ನು ತೆರೆದು ನೋಡುವ ಅಭ್ಯಾಸ ಇನ್ನೂ ಅಪರೂಪ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ 2017ರ ಜನವರಿ 31ರಂದು ತಂತ್ರಜ್ಞರೊಬ್ಬರು ತಪ್ಪು ಸರ್ವರ್‌ನಲ್ಲಿ ಆಜ್ಞೆ ನೀಡಿದ್ದರಿಂದ ಸುಮಾರು 300 ಜಿಬಿಯ ಮುಖ್ಯ ದತ್ತಸಂಚಯ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ಹುಡುಕಿದರೆ ಅದು ವಿಫಲವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ವೈಫಲ್ಯದ ಸೂಚನಾ ಅಂಚೆಗಳು ಸಹ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆಗಳ ಮೊದಲು ತೆಗೆದಿದ್ದ ಒಂದು ನಕಲು ಇದ್ದುದರಿಂದ ಸಂಸ್ಥೆ ಉಳಿಯಿತು. ಆ ಆರು ಗಂಟೆಗಳ ದತ್ತಾಂಶ ಶಾಶ್ವತವಾಗಿ ಹೋಯಿತು. ಸಂಸ್ಥೆ ಇದೆಲ್ಲವನ್ನೂ ತಾನೇ ಬಹಿರಂಗವಾಗಿ ಪ್ರಕಟಿಸಿದ್ದು ಮೆಚ್ಚತಕ್ಕ ನಡೆ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಬ್ಯಾಕಪ್ಪನ್ನು ತೆರೆದು, ಹಿಂದಿನ ತಿಂಗಳ ಮಾರಾಟದ ಮೊತ್ತ ತಾಳೆಯಾಗುತ್ತದೆಯೇ ಎಂದು ಲೆಕ್ಕಿಗರಿಂದ ನೋಡಿಸಿ, ಹಿಡಿದ ಸಮಯವನ್ನು ಬರೆದಿಡಬೇಕು. ಸಂಗ್ರಹಣಾ ವ್ಯವಸ್ಥೆಯ ಗುಣಮಟ್ಟವನ್ನು ಆ ಒಂದು ಅಂಕಿ ದರಪಟ್ಟಿಯ ಎಲ್ಲ ಅಂಕಿಗಳಿಗಿಂತ ನಿಷ್ಠುರವಾಗಿ ತಿಳಿಸುತ್ತದೆ.

ಕಾನೂನಿನ ಅವಧಿಗಳು

ಇದು ವ್ಯವಹಾರದ ಜಾಣ್ಮೆಯ ಮಾತಷ್ಟೇ ಅಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 57ನೆಯ ನಿಯಮದಂತೆ, ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಸಮಂಜಸ ಅವಧಿಯೊಳಗೆ ಅವನ್ನು ಮರಳಿ ಪಡೆಯಲು ಬರುವಂತೆ ಬ್ಯಾಕಪ್ ಇಟ್ಟಿರಬೇಕು. ಅಧಿನಿಯಮದ 36ನೆಯ ಕಲಮಿನಂತೆ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಲು ನಿಗದಿಯಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಮೇಲ್ಮನವಿ ಅಥವಾ ವಿಚಾರಣೆ ಇದ್ದರೆ ಇನ್ನೂ ಹೆಚ್ಚು. ಕಂಪನಿಯಾಗಿ ನೋಂದಾಯಿತವಾದ ಘಟಕಗಳು 2013ರ ಕಂಪನಿಗಳ ಅಧಿನಿಯಮದ 128ನೆಯ ಕಲಮಿನ ಮೇರೆಗೆ ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಇಡಬೇಕು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಆಗಬೇಕೆಂದು 2022ರ ಆಗಸ್ಟ್‌ನ ತಿದ್ದುಪಡಿ ವಿಧಿಸಿತು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಜಾಡನ್ನೂ ದಾಖಲಿಸಬೇಕಾಗಿದೆ. ವಿದೇಶದ ಅಗ್ಗದ ಕ್ಲೌಡ್ ಸೇವೆಯನ್ನು ಆರಿಸುವ ಮುನ್ನ ಕಂಪನಿಗಳು ಕೇಂದ್ರ ಎಲ್ಲಿದೆಯೆಂದು ಬರಹದಲ್ಲಿ ಪಡೆಯಬೇಕು.

ಎಂಟು ವರ್ಷ ದೀರ್ಘ ಅವಧಿ. ಎಸ್‌ಎಸ್‌ಡಿಯನ್ನು ಬರೆದು, ವಿದ್ಯುತ್ ಇಲ್ಲದೆ ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಮರೆತರೆ ಅದರೊಳಗಿನ ದತ್ತಾಂಶ ಮಾಸುವ ಅಪಾಯವಿದೆ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆಯಾದರೂ ಓಡಿಸಿ ನೋಡಬೇಕು. ಹತ್ತಾರು ಟಿಬಿ ಇಡಬೇಕಾದವರಿಗೆ ಟೇಪ್ ಇಂದಿಗೂ ಉಪಯುಕ್ತ: 2021ರಲ್ಲಿ ಬಂದ ಎಲ್‌ಟಿಒ 9ನೆಯ ಪೀಳಿಗೆಯ ಒಂದು ಟೇಪಿನಲ್ಲಿ 18 ಟಿಬಿ ಹಿಡಿಯುತ್ತದೆ, ಮತ್ತು ಬೀರುವಿನಲ್ಲಿರುವ ಟೇಪನ್ನು ಯಾವ ದುಷ್ಟ ತಂತ್ರಾಂಶವೂ ಮುಟ್ಟಲಾರದು. ಆದರೆ ಟೇಪಿನೊಂದಿಗೆ ಅದನ್ನು ಓದುವ ಡ್ರೈವನ್ನೂ ಕಾಪಾಡಿಕೊಳ್ಳಬೇಕು. 9ನೆಯ ಪೀಳಿಗೆಯ ಡ್ರೈವ್ ತನ್ನ ಹಿಂದಿನ ಒಂದು ಪೀಳಿಗೆಯ ಟೇಪನ್ನು ಮಾತ್ರ ಓದುತ್ತದೆ. 2025ರಲ್ಲಿ ಬಂದ 10ನೆಯ ಪೀಳಿಗೆಯದು ಹಿಂದಿನ ಯಾವುದನ್ನೂ ಓದುವುದಿಲ್ಲ.